ಒಂದೇ ಕುರ್ಚಿಗೆ ಇಬ್ಬರು

ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿ ಗೆಳೆಯರು ಅವಳಿಗೆ ಇಟ್ಟ ಹೆಸರು ಪಾದರಸ. ಅದೇ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚು ಹಿಡಿದು, ಕೋರ್ಸು ಮುಗಿಯುವವರೆಗೂ ಅಲ್ಲಿಂದ ಕದಲದ ಹುಡುಗನಿಗೆ ಇಟ್ಟದ್ದು ಕಪಾಟು. ಪಾದರಸ ಕಪಾಟನ್ನೇ ಮದುವೆಯಾಗುತ್ತಾಳಂತೆ ಎಂಬ ಸುದ್ದಿ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ತನ್ನಂಥವಳಿಗೆ ಒರಗಿ ನಿಲ್ಲಲು ಅಲುಗಾಡದ ವಸ್ತು ಒಂದು ಬೇಕೇ ಬೇಕು ಎಂದು ಅವಳಿಗೆ ಆಗ ಅನ್ನಿಸಿತ್ತು.

ಕಪಾಟು ಊರಿನ ಕೇಂದ್ರ ಗ್ರಂಥಾಲಯದ ಸೂಚೀಕರಣ ವಿಭಾಗಕ್ಕೆ ಸೇರಿದವನು ಅಲ್ಲೇ ಬೇರುಬಿಟ್ಟ. ಬಂದ ಪುಸ್ತಕಕ್ಕೆ ವಿಷಯ ಗೊತ್ತುಮಾಡುವುದು, ಸಂಖ್ಯೆ ಕೊಡುವುದು, ಬೆನ್ನಿಗೆ ಚೀಟಿ ಅಂಟಿಸಿ ಕಪಾಟಿಗೆ ಕಳಿಸುವುದು. ಒಂದು ಪುಸ್ತಕ ಇತಿಹಾಸಕ್ಕೆ ಹೋಗಬೇಕೋ ಪ್ರವಾಸಕ್ಕೆ ಹೋಗಬೇಕೋ ಎಂದು ಅರ್ಧ ದಿನ ಯೋಚಿಸಬಲ್ಲ ಮನುಷ್ಯ. ಸಂಜೆ ಮನೆಗೆ ಬರುವಾಗ ಅವನ ಮುಖದಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ.

ಅವಳ ಕಥೆ ಬೇರೆ. ಮೊದಲು ಸಿಕ್ಕಿದ್ದು ಒಂದು ಶಾಲೆಯ ಗ್ರಂಥಾಲಯ. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಪುಸ್ತಕ ಕೊಳೆಯಾಗಬಾರದು, ಆದ್ದರಿಂದ ಮಕ್ಕಳ ಕೈಗೆ ಸಿಗಬಾರದು. ಬೀಗದ ಕೈ ಅವರ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಜಗಳವಾಡಿ ಬಿಟ್ಟಳು. ಆಮೇಲೆ ಬೀಜದ ಕಂಪನಿಯೊಂದರ ಮಾಹಿತಿ ವಿಭಾಗ. ಹೊಸ ಸಂಶೋಧನಾ ಲೇಖನಗಳನ್ನು ಓದಿ, ಸಾರ ಬರೆದು, ಬೆಳಗಾಗುವುದರೊಳಗೆ ವಿಜ್ಞಾನಿಗಳ ಮೇಜಿಗೆ ತಲುಪಿಸಬೇಕು. ಕೆಲಸ ಹಿಡಿಸಿತು. ಆದರೆ ಆ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು, ನುಂಗಿದ್ದು ಮೊದಲು ಜೀರ್ಣಿಸಿಕೊಂಡದ್ದು ಮಾಹಿತಿ ವಿಭಾಗವನ್ನೇ. ಅಲ್ಲಿಂದ ಪತ್ರಿಕೆಯೊಂದರ ಕತ್ತರಿ ಕೋಣೆಗೆ ಬಂದಳು. ದಿನವೂ ಸುದ್ದಿಗಳನ್ನು ಕತ್ತರಿಸಿ, ಅಂಟಿಸಿ, ವಿಷಯವಾರು ಲಕೋಟೆಗೆ ಹಾಕುವ ಕೆಲಸ. ಅಲ್ಲಿ ಅವಳು ಹಿಗ್ಗಿದಳು. ಯಾಕೆಂದರೆ ಅಲ್ಲೊಂದು ಫೋನಿತ್ತು. ಓದುಗರು ಪತ್ರಿಕೆಗೆ ಫೋನು ಮಾಡಿ ಏನೇನೋ ಕೇಳುತ್ತಿದ್ದರು. ಹಳೆಯ ಸೇತುವೆ ಕುಸಿದದ್ದು ಯಾವ ವರ್ಷ? ಬಾವಲಿಗೆ ಕಣ್ಣು ಕಾಣುತ್ತದೋ ಇಲ್ಲವೋ, ಬೇಗ ಹೇಳಿ, ಇಲ್ಲಿ ಪಂದ್ಯ ಕಟ್ಟಿದ್ದೇವೆ. ಸಂಪಾದಕೀಯದವರು ತಲೆ ಚಿಟ್ಟು ಹಿಡಿದು ಕರೆಗಳನ್ನೆಲ್ಲ ಕತ್ತರಿ ಕೋಣೆಗೆ ದಾಟಿಸುತ್ತಿದ್ದರು. ಅವಳು ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಹುಡುಕಾಡುತ್ತಿದ್ದಳು. ಕೊನೆಗೆ ಪತ್ರಿಕೆಯವರು ಲಕೋಟೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಕತ್ತರಿ ಹಿಡಿದವರನ್ನು ಮನೆಗೆ ಕಳಿಸಿದರು. ಈಗ ಒಂದು ಕಾಲೇಜಿನಲ್ಲಿ ಗುತ್ತಿಗೆ ಕೆಲಸ. ವರ್ಷ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾದು ಕೂರಬೇಕು.

"ನಿನ್ನ ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ ಕಣಮ್ಮ," ಎನ್ನುತ್ತಿದ್ದರು ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತರಾದವರು. ಆಯುಷ್ಯವೆಲ್ಲ ಒಂದೇ ಸ್ಟೂಲಿನ ಮೇಲೆ ಕೂತು ಊರಿನವರ ಮಾತನ್ನು ಊರಿನವರಿಗೆ ಜೋಡಿಸಿದವರು. ಮಾತಿನಲ್ಲಿ ಕೊಂಕಿದ್ದರೂ ಮನಸ್ಸಿನಲ್ಲಿ ಇರಲಿಲ್ಲ.

ಮನೆಯಲ್ಲಿ ಇಬ್ಬರು ಲೈಬ್ರೇರಿಯನ್ನರಿದ್ದರೆ ಊಟದ ಹೊತ್ತಿಗೆ ಬೇರೆ ಮಾತೇ ಇರುವುದಿಲ್ಲ. ಕತ್ತರಿ ಕೋಣೆ ಮುಚ್ಚಿದ ಮೇಲೂ ಅವಳ ತಲೆಯಿಂದ ಆ ಫೋನು ಹೋಗಲಿಲ್ಲ. "ಕೇಂದ್ರ ಗ್ರಂಥಾಲಯದಲ್ಲೂ ಹಾಗೊಂದು ಫೋನಿಟ್ರೆ ಹೇಗಿರುತ್ತೆ? ಊರಲ್ಲಿ ಯಾರು ಬೇಕಾದ್ರೂ ಕೇಳ್ಬಹುದು. ನಾವು ಹುಡುಕಿ ಹೇಳೋದು," ಎಂದು ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಮಾತಾಡುತ್ತಿದ್ದಳು. ಗಂಡ ಅಗಿಯುತ್ತ ಕೇಳುತ್ತಿದ್ದ. ಆಗಾಗ ಒಂದು ಮಾತು ಸೇರಿಸುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಹೀಗಿರುವಾಗ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರು ನಿವೃತ್ತರಾದರು. ಹುದ್ದೆಗೆ ಜಾಹೀರಾತು ಬಂತು. ಓದಿದ ಕ್ಷಣದಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ.

"ನೀನೂ ಹಾಕ್ತೀಯಾ?" ಎಂದು ಗಂಡನನ್ನು ಕೇಳಿದಳು. ಅತ್ತೆಯ ಎದುರು ನೀವು, ಇಬ್ಬರೇ ಇದ್ದಾಗ ತರಗತಿಯ ದಿನಗಳ ನೀನು. ಅದು ಅವರ ನಡುವಿನ ಒಪ್ಪಂದ.

"ನನಗ್ಯಾಕೆ ಆ ಗಲಾಟೆ? ನೀನು ಹಾಕು. ನಾನು ಪ್ರಶ್ನೆ ಕೇಳ್ತೀನಿ, ಉತ್ತರ ಹೇಳೋ ಅಭ್ಯಾಸ ಮಾಡ್ಕೋ."

ಹಾಗೇ ಮಾಡಿದರು. ಸಂಜೆ ಚಹಾ ಕುಡಿಯುತ್ತ ಅವನು ಗಂಟಲು ಸರಿಮಾಡಿಕೊಂಡು ಆಯ್ಕೆ ಸಮಿತಿಯಾಗುತ್ತಿದ್ದ. ಇಬ್ಬರೂ ನಗುತ್ತಿದ್ದರು. ಸಂದರ್ಶನದ ದಿನ ಬೆಳಗ್ಗೆ ಅವನು ಕೆನ್ನೆ ಹಿಡಿದುಕೊಂಡು, ಹಲ್ಲು ನೋಯುತ್ತಿದೆ, ದಂತವೈದ್ಯರ ಹತ್ತಿರ ಹೋಗಿಬರುತ್ತೇನೆ ಎಂದು ಬೇಗ ಹೊರಟುಹೋದ. ಇಂಥ ದಿನವೇ ಹಲ್ಲು ನೋಯಬೇಕೇ ಎಂದು ಅವಳಿಗೆ ಸ್ವಲ್ಪ ಬೇಸರವಾಯಿತು, ಅಷ್ಟೆ.

ಸಂದರ್ಶನ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ. ಕಾಯುವ ಕೋಣೆಯ ಬಾಗಿಲು ತಳ್ಳಿದವಳು ಕಕ್ಕಾಬಿಕ್ಕಿಯಾಗಿ ನಿಂತಳು. ಸಾಲು ಕುರ್ಚಿಗಳ ಕೊನೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಿಲಲ್ಲಿ ಕಡತ ಇಟ್ಟುಕೊಂಡು ಕಪಾಟು ಕೂತಿದ್ದ. ಅವಳನ್ನು ಕಂಡು ಎದ್ದ, ಮತ್ತೆ ಕೂತ. ಪಕ್ಕದ ಅಭ್ಯರ್ಥಿಗಳು ಏನೂ ತಿಳಿಯದೆ ಅವರಿಬ್ಬರನ್ನು ನೋಡಿದರು.

ಅವಳು ಅವನಿಂದ ದೂರದ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಕಾಲು ತನ್ನಷ್ಟಕ್ಕೆ ಕುಣಿಯತೊಡಗಿತು. ಮೊದಲು ಅವಳನ್ನೇ ಕರೆದರು.

ಒಳಗೆ ಆಡಳಿತ ಮಂಡಳಿಯ ಅಧ್ಯಕ್ಷರಿದ್ದರು. ಬಟ್ಟೆ ಗಿರಣಿ ನಡೆಸಿ ದೊಡ್ಡವರಾದವರು, ಪುಸ್ತಕದ ಮೇಲೆ ಪ್ರೀತಿಗಿಂತ ಗೌರವ ಹೆಚ್ಚು. ಅವಳು ಸರಾಗವಾಗಿ ಮಾತಾಡಿದಳು. ಗ್ರಂಥಾಲಯಗಳ ಜಾಲ, ಗಣಕೀಕರಣ, ಕಪಾಟುಗಳನ್ನು ಓದುಗರಿಗೆ ತೆರೆದಿಡುವುದು. ಅಧ್ಯಕ್ಷರು ಅವಳ ಅರ್ಜಿಯ ಹಾಳೆ ತಿರುಗಿಸಿ ಹುಬ್ಬೇರಿಸಿದರು.

"ಎಲ್ಲಾ ಸರಿ ಅಮ್ಮ. ಆದ್ರೆ ನೀವು ಎಲ್ಲೂ ನಿಂತಿಲ್ವಲ್ಲ. ಇಲ್ಲಿ ನಿಲ್ತೀರಿ ಅಂತ ನಾವು ಹೇಗೆ ನಂಬೋದು?"

ನಿಲ್ಲಲು ಬಿಟ್ಟಿದ್ದರೆ ನಿಲ್ಲುತ್ತಿದ್ದೆ ಎಂದು ಹೇಳಬಹುದಿತ್ತು. ಆದರೆ ಬಾಗಿಲಾಚೆ ಕೂತವನ ಇಸ್ತ್ರಿ ಅಂಗಿ ಕಣ್ಣ ಮುಂದೆ ಬಂದದ್ದರಿಂದ ನಿಲ್ಲುತ್ತೇನೆ ಎಂದಷ್ಟೇ ಹೇಳಿದಳು. ಫೋನಿನ ವಿಚಾರವನ್ನು ಅವಳು ಎತ್ತಲೇ ಇಲ್ಲ. ದೊಡ್ಡ ಹುದ್ದೆಗೆ ಅದು ಸಣ್ಣ ಮಾತಾದೀತು ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದಳು.

ಅವಳಿಗೆ ಮನೆಗೆ ಹೋಗುವ ಬಸ್ಸು ಸಿಗುವ ಹೊತ್ತಿಗೆ ಅವನ ಸಂದರ್ಶನವೂ ಮುಗಿದಿತ್ತು, ಗಂಡ ಪಕ್ಕದಲ್ಲಿ ಬಂದು ಕೂತ.

"ಹಲ್ಲು ಹೇಗಿದೆ?" ಎಂದಳು ಅವಳು.

ಅವನು ಮುಖ ಸಣ್ಣದು ಮಾಡಿಕೊಂಡ. "ಹಾಕಬಾರದು ಅಂತಾನೇ ಇದ್ದೆ. ಆಫೀಸಿನವರೆಲ್ಲ ಬೆನ್ನು ಹತ್ತಿದ್ರು. ಇಷ್ಟು ವರ್ಷ ಇದ್ದವನು ಅರ್ಜಿನೂ ಹಾಕದಿದ್ರೆ ಏನೋ ಐಬಿದೆ ಅಂದ್ಕೋತಾರೆ ಅಂದ್ರು. ನನಗಂತೂ ಸಿಗಲ್ಲ ಬಿಡು."

"ಸಿಗದಿದ್ರೆ ಹೇಳೋಕೇನಾಗಿತ್ತು?"

"ಹೆದರಿಕೆಯಾಯ್ತು."

ಅವಳು ಕಿಟಕಿಯತ್ತ ತಿರುಗಿದಳು. ಇಳಿಯಬೇಕಾದ ನಿಲ್ದಾಣ ಬಂದರೂ ಅವಳಿಗೆ ತಿಳಿಯಲಿಲ್ಲ, ಅವನೇ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಹುದ್ದೆ ಅವನಿಗೇ ಸಿಕ್ಕಿತು.

ಅತ್ತೆ ಸೋಫಾದ ಮೇಲೆ ಕೂತು ಸುದ್ದಿ ಕೇಳಿಸಿಕೊಂಡರು. ಮಗನ ತಲೆ ನೇವರಿಸಿದರು. ಆಮೇಲೆ ಸೊಸೆಯನ್ನು ಅಡುಗೆಮನೆಗೆ ಹಿಂಬಾಲಿಸಿ ಬಂದು, "ನಿನಗೆ ಸಿಕ್ಕಿದ್ರೆ ಇದಕ್ಕಿಂತ ಸಂತೋಷ ಆಗ್ತಿತ್ತು ಅಂತ ಸುಳ್ಳು ಹೇಳಲ್ಲ. ಹೆತ್ತ ಹೊಟ್ಟೆ. ಆದ್ರೆ ಇವನಿಗೆ ಯಾಕೆ ಸಿಕ್ತು ಅಂತ ನನಗೂ ಅರ್ಥವಾಗ್ತಿಲ್ಲ," ಎಂದರು. ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಎರಡನ್ನೂ ನುಂಗಿ ಪಾತ್ರೆ ತಿಕ್ಕಿದಳು.

ಯಾಕೆ ಸಿಕ್ಕಿತು ಎಂಬುದು ಅವನು ಅಧಿಕಾರ ವಹಿಸಿಕೊಂಡ ದಿನ ತಿಳಿಯಿತು. ಓದುವ ಕೋಣೆಯ ಮೇಜುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ಹೂಗುಚ್ಛ ಕೊಟ್ಟು, ಕೈ ಕುಲುಕಿ, ಅಧ್ಯಕ್ಷರು ಮೈಕಿನ ಮುಂದೆ ನಿಂತರು.

"ಸಂದರ್ಶನಕ್ಕೆ ಬಂದವರೆಲ್ಲ ದೊಡ್ಡ ದೊಡ್ಡ ಮಾತಾಡಿದ್ರು. ಇವರೊಬ್ಬರೇ ಒಂದು ಸರಳ ಮಾತು ಹೇಳಿದ್ರು. ಊರಲ್ಲಿ ಯಾರಿಗೆ ಏನೇ ಸಂಶಯ ಬಂದ್ರೂ ನಮ್ಮ ಗ್ರಂಥಾಲಯಕ್ಕೆ ಒಂದು ಫೋನು. ನಾವು ಹುಡುಕಿ ಹೇಳ್ತೀವಿ! ಅದೂ ಹೇಗೆ? ಯಾವ ಪುಸ್ತಕ, ಯಾವ ಪುಟ ಅಂತ ಮೂಲ ಸಮೇತ. ಇದು ನಮ್ಮ ಹೊಸ ಮುಖ್ಯಸ್ಥರ ತಲೆ!"

ಚಪ್ಪಾಳೆ. ಎದುರಿನ ಸಾಲಿನಲ್ಲಿ ಹೆಂಡತಿ ಎಂದು ಕೂರಿಸಿದ್ದವಳ ಮೈಯೆಲ್ಲ ಉರಿದುಹೋಯಿತು. ಸುತ್ತ ಎಲ್ಲರೂ ತನ್ನತ್ತ ನೋಡಿ ನಗುತ್ತಿದ್ದುದರಿಂದ ಅವಳೂ ಚಪ್ಪಾಳೆ ತಟ್ಟಿದಳು. ಅಂಗೈ ನೋಯುವ ಹಾಗೆ ತಟ್ಟಿದಳು.

ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಕಾಯಲಿಲ್ಲ. ಅತ್ತೆ ಅಲ್ಲೇ ಇದ್ದದ್ದೂ ಮರೆತುಹೋಯಿತು.

"ಆ ಫೋನಿನ ವಿಚಾರ ಯಾರದ್ದೋ?"

ಗಂಡ ಕಣ್ಣು ಮಿಟುಕಿಸಿದ. "ಯಾರದ್ದು ಅಂದ್ರೆ?"

"ಕತ್ತರಿ ಕೋಣೇಲಿ ಕಿವಿ ಕೆಂಪಾಗಿಸಿಕೊಂಡವಳು ಯಾರು? ಊಟಕ್ಕೆ ಕೂತಾಗೆಲ್ಲ ನಿನ್ನ ತಲೆ ತಿಂದವಳು ಯಾರು?"

ಅವನು ನಿಜವಾಗಿಯೂ ಯೋಚಿಸಿದ. ಇತಿಹಾಸವೋ ಪ್ರವಾಸವೋ ಎಂದು ಯೋಚಿಸುವಾಗ ಇರುವ ಅದೇ ಮುಖ. ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ಕಂಗೆಡಿಸಿದ್ದು ಆ ಮುಖ. ಅವನು ನಾಟಕ ಆಡುತ್ತಿರಲಿಲ್ಲ.

"ಹೌದಲ್ವಾ," ಎಂದ ಕೊನೆಗೆ. "ನಿಂದೇ. ಅಲ್ಲಿ ಕೂತಾಗ ನನಗೆ ಏನೂ ತೋಚಲಿಲ್ಲ. ಇಷ್ಟು ವರ್ಷ ಇದ್ದೀರಲ್ಲ, ಏನು ಮಾಡ್ಬೇಕು ಅಂತಿದೀರಿ ಅಂದ್ರು. ಬಾಯಿಗೆ ಅದೇ ಬಂತು. ಅಷ್ಟು ಸಲ ಮಾತಾಡಿದೀವಿ, ಅದು ನಂದೇ ಅನ್ನಿಸಿಬಿಟ್ಟಿತ್ತು." ಸ್ವಲ್ಪ ತಡೆದು, "ಮೂಲ ಹೇಳದ ಉತ್ತರ ಬರೀ ಗಾಳಿಮಾತು, ಯಾವ ಪುಸ್ತಕ ಅಂತ ಹೇಳ್ಲೇಬೇಕು ಅಂದಿದ್ದು ಮಾತ್ರ ನಾನು," ಎಂದ.

ಅದು ನಿಜವಾಗಿತ್ತು. ಹಾಗಾಗಿ ಇನ್ನಷ್ಟು ಉರಿಯಿತು.

"ನೀನ್ಯಾಕೆ ಹೇಳ್ಲಿಲ್ಲ ಅಲ್ಲಿ?" ಎಂದು ಅವನು ಮೆಲ್ಲಗೆ ಕೇಳಿದ. ಚುಚ್ಚುವುದಕ್ಕಲ್ಲ, ತಿಳಿಯುವುದಕ್ಕೆ ಕೇಳಿದ್ದು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಹೊರಗೆ, "ಲೈನು ಕಟ್ಟಾಯ್ತು," ಎಂದದ್ದು ಕೇಳಿಸಿತು.

ಮರುದಿನ ಅವನು ತಾನಾಗಿ ಅಧ್ಯಕ್ಷರ ಹತ್ತಿರ ಹೋಗಿ ಅದು ತನ್ನ ಹೆಂಡತಿಯ ಯೋಚನೆ ಎಂದು ಹೇಳಿದ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ನನ್ನ ಗಿರಣಿನೂ ಅರ್ಧ ನನ್ನ ಹೆಂಡತಿ ತಲೆಯಿಂದಲೇ ನಡೆದಿದ್ದು ಕಣ್ರೀ. ಅದನ್ನೆಲ್ಲ ಬೋರ್ಡಿನ ಮೇಲೆ ಬರೆಸೋಕಾಗುತ್ತಾ? ಮನೆ ಮಾತು ಮನೇಲಿರಲಿ. ಹೋಗಿ ಕೆಲಸ ನೋಡಿ." ಅವನು ಸಂಜೆ ಬಂದು ಅದನ್ನು ಇದ್ದಂತೆಯೇ ಹೇಳಿದ. ಹೇಳದಿದ್ದರೇ ಚೆನ್ನಾಗಿತ್ತು.

ಫೋನಿನ ಸೇವೆ ಶುರುವಾಯಿತು. ಊರಿನವರು ಮುಗಿಬಿದ್ದರು. ಆದರೆ ಪುಸ್ತಕವನ್ನು ಅರೆದು ಕುಡಿದವನಿಗೆ ಮನುಷ್ಯರ ಪ್ರಶ್ನೆ ಅರ್ಥವಾಗುತ್ತಿರಲಿಲ್ಲ. ಮೊದಮೊದಲು ಅವನೇ ಫೋನು ಎತ್ತುತ್ತಿದ್ದ. ಒಂದು ದಿನ ಯಾರೋ ಫೋನು ಮಾಡಿ, "ಹಾವಿನ ಬಗ್ಗೆ ಪುಸ್ತಕ ಇದೆಯಾ?" ಎಂದರಂತೆ. ಇದೆ, ಪ್ರಾಣಿಶಾಸ್ತ್ರದ ಸಾಲಿನಲ್ಲಿದೆ, ಬಂದು ನೋಡಿ ಎಂದ. "ಬರೋಕಾಗಲ್ವಲ್ಲ ಸಾರ್, ಅದು ಬಾಗಿಲಲ್ಲೇ ಮಲಗಿದೆ," ಎಂದಿತಂತೆ ಆ ದನಿ.

ಅತ್ತೆ ಕೆಮ್ಮು ಬರುವವರೆಗೂ ನಕ್ಕರು. ಅವಳೂ ಸಿಟ್ಟು ಮರೆತು ನಕ್ಕಳು.

"ಯಾಕೆ ಬೇಕು ಅಂತ ಮೊದಲೇ ಕೇಳ್ಬೇಕು."

"ಓದುಗರನ್ನ ಯಾಕೆ ಅಂತ ಕೇಳೋದು ಸಭ್ಯತೆ ಅಲ್ಲ."

"ಮುಖ ಕಾಣದವರ ಹತ್ತಿರ ಅದೇ ಸಭ್ಯತೆ ಕಣೋ," ಎಂದರು ಅತ್ತೆ. "ನಾವು ಎಕ್ಸ್‌ಚೇಂಜಲ್ಲಿ ನಂಬರನ್ನ ಇನ್ನೊಂದು ಸಲ ಹೇಳಿಸ್ತಿದ್ವಿ. ಕೇಳಿಸದೆ ಅಲ್ಲ. ಹೇಳೋನಿಗೇ ಸರಿಯಾಗಿ ಗೊತ್ತಿರ್ತಿರಲಿಲ್ಲ."

ಅಂದಿನಿಂದ ಅವನು ಬಗೆಹರಿಯದ ಪ್ರಶ್ನೆಗಳನ್ನು ಮನೆಗೆ ತರತೊಡಗಿದ. ಊಟದ ಹೊತ್ತಿನಲ್ಲಿ ಅವಳು ಅವನ್ನು ಬಿಡಿಸುತ್ತಿದ್ದಳು. ಇದಕ್ಕೆ ಹಳೆಯ ಭೂಪಟ ನೋಡು, ಅದಕ್ಕೆ ಪತ್ರಿಕೆಯ ಸಂಪುಟ ನೋಡು. ಬಿಡಿಸುವಾಗ ಮೈಗೆ ರೆಕ್ಕೆ ಬಂದಂತಾಗುತ್ತಿತ್ತು. ಬೆಳಿಗ್ಗೆ ಕಾಲೇಜಿನ ಖಾಲಿ ಹಾಲಿನಲ್ಲಿ ಕೂತು ಮಕ್ಕಳ ಗುರುತಿನ ಚೀಟಿಗೆ ಮೊಹರು ಒತ್ತುವಾಗ ಅದೇ ರೆಕ್ಕೆ ತುರಿಸುತ್ತಿತ್ತು. ಒಂದು ದಿನ ಕಾಲೇಜಿನ ಸಹೋದ್ಯೋಗಿಯೊಬ್ಬಳು, "ನಿಮ್ಮ ಯಜಮಾನ್ರು ಭಾರೀ ಬುದ್ಧಿವಂತರು ಕಣ್ರೀ. ನಮ್ಮಪ್ಪ ಹುಟ್ಟಿದ ಊರು ಅಣೆಕಟ್ಟಲ್ಲಿ ಮುಳುಗಿಹೋಗಿತ್ತು, ಅದರ ಹಳೇ ನಕ್ಷೆ ಹುಡುಕಿ ಕೊಟ್ರು," ಎಂದಳು. ಹಳೆಯ ಭೂಪಟ ನೋಡು ಎಂದವಳು ಮೊಹರು ಒತ್ತುತ್ತಲೇ ಇದ್ದಳು.

ಅಂದು ಸಂಜೆ ಅವಳು ಹೇಳಿಬಿಟ್ಟಳು. "ಇನ್ನು ಮೇಲೆ ಈ ಮನೇಲಿ ಗ್ರಂಥಾಲಯದ ಮಾತು ಬೇಡ."

ಬಾಯಿಗೆ ಬೀಗ ಬಿದ್ದ ಮೇಲೆ ತಿಳಿಯಿತು, ಅವರಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ತಟ್ಟೆಯ ಸದ್ದು, ನಲ್ಲಿಯ ಸದ್ದು. ಅವನು ಹೊರಗೆ ಹೋಗುವಾಗ "ಬರ್ತೀನಿ" ಎನ್ನುತ್ತಿದ್ದ, ಅವಳು "ಹ್ಞೂಂ" ಎನ್ನುತ್ತಿದ್ದಳು. ಅವಳು ಮನೆಯ ಸಾಮಾನನ್ನೆಲ್ಲ ಜಾಗ ಬದಲಿಸಿದಳು. ಮಂಚ ಕಿಟಕಿಯ ಕಡೆಗೆ, ಮೇಜು ಬಾಗಿಲ ಕಡೆಗೆ. ಒಂದು ವಾರದಲ್ಲಿ ಎಲ್ಲವನ್ನೂ ಮತ್ತೆ ಬದಲಿಸಿದಳು. "ಜಗಳ ಆದ್ರೂ ಆಡ್ರಪ್ಪ," ಎಂದು ಅತ್ತೆ ಗೋಗರೆದರು. "ನನಗೆ ಎಂಗೇಜ್ ಟೋನ್ ಕೇಳಿದ ಹಾಗಾಗ್ತಿದೆ."

ಆಮೇಲೆ ಆ ಅನಾಹುತ ಆಯಿತು.

ಒಬ್ಬ ಹೆಂಗಸು ಫೋನು ಮಾಡಿ, ತನ್ನ ತಂದೆ ಹೃದಯಕ್ಕೆಂದು ನುಂಗುವ ಮಾತ್ರೆಯ ಜೊತೆಗೆ ಮಂಡಿನೋವಿನ ಮಾತ್ರೆಯನ್ನೂ ಕೊಡಬಹುದೇ ಎಂದು ಕೇಳಿದ್ದಳು. ಅಂದು ಫೋನಿನ ಬಳಿ ಗ್ರಂಥಾಲಯದ ಸಹಾಯಕನಿದ್ದ. ಅವನು ಔಷಧಗಳ ಆಕರ ಗ್ರಂಥ ತೆಗೆದು, ಕೊಡಬಹುದು ಎಂದು ಓದಿ ಹೇಳಿದ. ಗ್ರಂಥದ ಹೆಸರು, ಪುಟ, ಎಲ್ಲ ಹೇಳಿದ. ಆದರೆ ಅದು ಹಳೆಯ ಆವೃತ್ತಿ. ಆಮೇಲೆ ಬಂದ ಆವೃತ್ತಿಗಳಲ್ಲಿ ಎರಡನ್ನೂ ಒಟ್ಟಿಗೆ ಕೊಡಲೇಬಾರದು ಎಂದಿತ್ತು. ಮುದುಕರಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಪಕ್ಕದ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಪತ್ರಿಕೆಗೆ ಬಂತು. ಅಧ್ಯಕ್ಷರು ಮಧ್ಯಾಹ್ನವೇ ಬಂದು ಫೋನಿನ ತಂತಿ ಕೀಳಿಸಿದರು.

ಗಂಡ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ. ಅವಳಿಗೆ ಅಂದು ಕಾಲೇಜಿಗೆ ರಜೆ. ಅವನು ಶೂ ಕೂಡ ಬಿಚ್ಚದೆ ಕೂತು, ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಕೇಳುತ್ತಿದ್ದಂತೆ ಅವಳ ಒಳಗೆ ಎಲ್ಲೋ ಸಣ್ಣಗೆ ಒಂದು ಖುಷಿ ಅಲುಗಿತು. ಮರುಕ್ಷಣವೇ ಅದನ್ನು ಕಂಡು ಅವಳಿಗೆ ಹೇಸಿಗೆಯಾಯಿತು.

"ಮುದುಕರು ಹೇಗಿದಾರೆ?" ಎಂದಳು.

"ಗೊತ್ತಿಲ್ಲ. ಹೋಗಿ ನೋಡ್ಬೇಕು. ಒಬ್ಬನೇ ಹೋಗೋಕೆ ಧೈರ್ಯ ಬರ್ತಿಲ್ಲ."

"ನಡಿ."

ರೈಲಿನಲ್ಲಿ ಹೋದರು. ಮುದುಕರು ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಬಿಳಚಿಕೊಂಡು ಮಲಗಿದ್ದರು. ಅಪಾಯ ಕಳೆದಿತ್ತು. ಮಗಳು ಇವರು ಯಾರು ಎಂದು ತಿಳಿದ ಕೂಡಲೇ ಎದ್ದು ನಿಂತಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಾಗುತ್ತಿತ್ತು.

"ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ," ಎಂದಳು ಆಕೆ. "ನೀವು ಪುಸ್ತಕದ ಹೆಸರು ಹೇಳಿದ್ರಿ. ಪುಟ ಹೇಳಿದ್ರಿ. ಅದಕ್ಕೇ ನಂಬಿದೆ."

ಗಂಡನ ಮುಖ ಬಣ್ಣಗೆಟ್ಟಿತು. ಅವನು ಕೈಮುಗಿದ. ಅವಳಿಗೆ ಅವನನ್ನು ಅಲ್ಲಿಂದ ಎಳೆದುಕೊಂಡು ಓಡಬೇಕು ಅನ್ನಿಸಿತು. ಎಳೆಯಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಆ ಹೆಂಗಸನ್ನೂ ಕೂರಿಸಿ, ಆಕೆ ಹೇಳುವುದನ್ನೆಲ್ಲ ಕೇಳಿದಳು. ಆಕೆ ವೈದ್ಯರನ್ನು ಕೇಳಲು ಹೋಗಿದ್ದಳಂತೆ, ಉದ್ದನೆಯ ಸಾಲು. ಅಂಗಡಿಯವನು ಗೊತ್ತಿಲ್ಲ ಎಂದನಂತೆ. ರಾತ್ರಿಯೆಲ್ಲ ಮಂಡಿ ಹಿಡಿದುಕೊಂಡು ನರಳುವ ಅಪ್ಪನನ್ನು ನೋಡಲಾಗದೆ ಫೋನು ಮಾಡಿದ್ದಂತೆ.

ಹೊರಗೆ ಬರುವಾಗ ಕಾರಿಡಾರಿನ ತುದಿಯಲ್ಲಿ ಬಾಗಿಲೊಂದರ ಮೇಲೆ ವೈದ್ಯಕೀಯ ಗ್ರಂಥಾಲಯ ಎಂಬ ಫಲಕ ಕಂಡಿತು. ಬೀಗ ಹಾಕಿತ್ತು. ಗಾಜಿಗೆ ಮುಖ ಹಚ್ಚಿ ನೋಡಿದಳು. ಕುರ್ಚಿಗಳ ಮೇಲೆ ಹಾಸಿಗೆಯ ಚಾದರಗಳನ್ನು ರಾಶಿ ಹಾಕಿದ್ದರು. ಗಂಡ ಬೆಂಚಿನ ಮೇಲೆ ಕುಸಿದಿದ್ದ. ಅವನನ್ನು ಅಲ್ಲೇ ಬಿಟ್ಟು, ಕೇಳಿಕೊಂಡು ಕೇಳಿಕೊಂಡು, ಆಸ್ಪತ್ರೆಯ ಅಧೀಕ್ಷಕಿಯ ಕೋಣೆಗೆ ಹೋದಳು. ಯಾಕೆ ಹೋದೆ ಎಂದು ಆಗ ಅವಳಿಗೇ ಗೊತ್ತಿರಲಿಲ್ಲ. ಕಾಲು ಕರೆದುಕೊಂಡು ಹೋಯಿತು.

ಅಧೀಕ್ಷಕಿ ತೆಳ್ಳಗಿನ, ಗಡಸು ದನಿಯ ವೈದ್ಯೆ.

"ಇಲ್ಲಿನ ವೈದ್ಯರಿಗೆ ಹೊಸ ಮಾಹಿತಿ ಬೇಕಾದ್ರೆ ಯಾರು ಹುಡುಕಿ ಕೊಡ್ತಾರೆ?" ಎಂದು ಕೇಳಿದಳು ಅವಳು.

"ಅವರವರೇ. ಪುರುಸೊತ್ತಿದ್ರೆ. ಲೈಬ್ರೇರಿಯನ್ ಹುದ್ದೆ ಖಾಲಿ ಬಿದ್ದಿದೆ, ಬಂದವರು ಇಲ್ಲಿ ಏನು ಕೆಲಸ ಅಂತ ಬಿಟ್ಟುಹೋಗ್ತಾರೆ. ಯಾಕೆ, ನೀವು ಯಾರು?"

ಅವಳು ತಾನು ಯಾರು, ಯಾಕೆ ಬಂದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ಉಳಿದದ್ದನ್ನೂ ಹೇಳಿದಳು. ಬೀಜದ ಕಂಪನಿಯಲ್ಲಿ ಸಾರ ಬರೆದದ್ದು, ಕತ್ತರಿ ಕೋಣೆಯಲ್ಲಿ ಪ್ರಶ್ನೆಯ ಹಿಂದಿನ ಪ್ರಶ್ನೆ ಕೇಳಲು ಕಲಿತದ್ದು. "ನನಗೆ ವೈದ್ಯಕೀಯ ಗೊತ್ತಿಲ್ಲ. ಆದ್ರೆ ಕಲೀತೀನಿ. ಹಳೇದಾಗಿದ್ದು ಯಾವುದು, ಹೊಸದು ಯಾವುದು ಅಂತ ನೋಡೋದಕ್ಕೇ ಒಬ್ಬರು ಇರ್ಬೇಕು. ಆ ಕೆಲಸ ನನಗೆ ಕೊಡಿ."

"ಎಷ್ಟು ದಿನ ಇರ್ತೀರಿ?"

"ಹೇಳೋಕಾಗಲ್ಲ," ಎಂದಳು. "ಇರೋಷ್ಟು ದಿನ ಸುಮ್ಮನೆ ಕೂರಲ್ಲ."

ಅಧೀಕ್ಷಕಿ ಮೊದಲ ಸಲ ನಕ್ಕರು. ಅರ್ಜಿ ಹಾಕಲು ಹೇಳಿದರು. ವಿಧಿಪ್ರಕಾರ ಸಂದರ್ಶನ ನಡೆಯಿತು, ಇನ್ನೂ ಕೆಲವರು ಬಂದಿದ್ದರು, ಹುದ್ದೆ ಅವಳಿಗೆ ಸಿಕ್ಕಿತು.

ಮನೆಯಲ್ಲಿ ಹೇಳಿದಾಗ ಗಂಡ ರೈಲಿನ ವೇಳಾಪಟ್ಟಿ ತೆಗೆದು ನೋಡಿದ. ದಿನವೂ ಹೋಗಿಬರುವಷ್ಟು ಹತ್ತಿರದ ಊರಲ್ಲ. ವಾರವೆಲ್ಲ ಅಲ್ಲೇ ಒಂದು ಕೋಣೆ ಹಿಡಿದು ಇರಬೇಕು.

"ನನ್ನ ಮೇಲಿನ ಸಿಟ್ಟಿಗೆ ಹೋಗ್ತಿದೀಯಾ?"

"ಸ್ವಲ್ಪ," ಎಂದಳು ಅವಳು. "ಸಿಟ್ಟು ಇಲ್ಲದಿದ್ರೂ ಹೋಗ್ತಿದ್ದೆ."

ಅತ್ತೆ ಅವಳ ಪೆಟ್ಟಿಗೆಗೆ ಬಟ್ಟೆ ಮಡಿಸಿ ಹಾಕಿದರು. "ಇವನ ಊಟ ನಾನು ನೋಡ್ಕೋತೀನಿ ಅಂತ ಹೇಳಲ್ಲ. ಇವನು ನನ್ನ ಊಟ ನೋಡ್ಕೊಳ್ಳೋ ಕಾಲ," ಎಂದರು. ಮೂಗು ಸೊರಸೊರ ಎನ್ನಿಸಿಕೊಂಡು ಬಟ್ಟೆಯನ್ನೆಲ್ಲ ಮತ್ತೆ ತೆಗೆದು ಮತ್ತೆ ಮಡಿಸಿದರು.

ಹೊರಡುವ ದಿನ ರೈಲ್ವೆ ಪ್ಲಾಟ್‌ಫಾರಮ್ಮಿನಲ್ಲಿ ಗಂಡ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದ, ಕೆಳಗಿಡಲಿಲ್ಲ.

"ಆ ಕುರ್ಚಿ ನಿನಗೆ ಸಿಗ್ಬೇಕಿತ್ತು," ಎಂದ.

"ಸಿಕ್ಕಿದ್ರೆ ಸ್ವಲ್ಪ ದಿನಕ್ಕೆ ಬಿಟ್ಟು ಓಡ್ತಿದ್ದೆನೋ ಏನೋ." ರೈಲು ಬರುವ ದಿಕ್ಕಿಗೆ ನೋಡುತ್ತ ಅವಳು ಸೇರಿಸಿದಳು, "ಹಾಗಂತ ಕೊಡಬಾರದಿತ್ತು ಅಂತಲ್ಲ."

"ಹೌದು," ಎಂದ ಅವನು.

ಹೊಸ ಕೆಲಸ ಹೂವಿನ ಹಾಸಿಗೆಯಾಗಿರಲಿಲ್ಲ. ಚಾದರದ ರಾಶಿ ಖಾಲಿ ಮಾಡಿಸುವುದಕ್ಕೇ ಉಗ್ರಾಣದವರ ಜೊತೆ ವಾರಗಟ್ಟಲೆ ಜಗ್ಗಾಡಬೇಕಾಯಿತು. ಹಳೆಯ ಆವೃತ್ತಿಗಳನ್ನು ತಾನೇ ಹೊತ್ತು ಕೆಳಗಿಳಿಸಿದಳು. ವೈದ್ಯರು ಅವಳನ್ನು ಕಂಡೂ ಕಾಣದಂತೆ ಹೋಗುತ್ತಿದ್ದರು. ರೋಗಗಳ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಸಂಜೆ ಬಾಡಿಗೆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಓಡಾಡುತ್ತ, ಇದೂ ತಪ್ಪು ರೈಲೇ ಎಂದು ಎಷ್ಟೋ ಸಲ ಅಂದುಕೊಂಡಳು. ಆದರೆ ಬೆಳಗಾದರೆ ಹೋಗಿ ಬೀಗ ತೆಗೆಯುತ್ತಿದ್ದಳು. ಮೊದಲು ಒಬ್ಬ ನರ್ಸು ಬಂದಳು, ಗಾಯ ತೊಳೆಯುವ ದ್ರಾವಣದ ಬಗ್ಗೆ ಕೇಳಲು. ಆ ನರ್ಸು ಇನ್ನಿಬ್ಬರನ್ನು ಕರೆತಂದಳು. ಆಮೇಲೆ ಕಿರಿಯ ವೈದ್ಯರು, ಯಾರೂ ನೋಡದಂತೆ, ಊಟದ ಬಿಡುವಿನಲ್ಲಿ.

ಕೇಂದ್ರ ಗ್ರಂಥಾಲಯದ ಫೋನಿಗೆ ಮತ್ತೆ ತಂತಿ ಜೋಡಿಸಿದರು. ಕಪಾಟು ಅದಕ್ಕಾಗಿ ಅಧ್ಯಕ್ಷರ ಬಾಗಿಲು ಕಾದು ಕಾದು, ಹುಟ್ಟಿದಾಗಿನಿಂದ ಮಾಡದ ಹಟ ಮಾಡಿದನಂತೆ. ಅಧ್ಯಕ್ಷರು ಒಂದು ಕರಾರು ಹಾಕಿದರು: ಕಾಯಿಲೆ, ಔಷಧದ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಕೂಡದು, ಆಸ್ಪತ್ರೆಗೆ ದಾಟಿಸಬೇಕು. ಅತ್ತೆ ಮಧ್ಯಾಹ್ನ ಹೋಗಿ ಸಹಾಯಕರ ಪಕ್ಕ ಕೂತು, ಹೇಗೆ ಕೇಳಬೇಕು ಎಂದು ಗದರಿಸಿ ಕಲಿಸಿ ಬರುತ್ತಾರಂತೆ. ಯಾರೂ ಕರೆಯಲಿಲ್ಲ, ಯಾರಿಗೂ ಬೇಡ ಎನ್ನುವ ಧೈರ್ಯವೂ ಇಲ್ಲ.

ಒಂದು ಬೆಳಿಗ್ಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ಗಂಡನ ದನಿ, ಆದರೆ ಗಂಡನ ಧಾಟಿಯಲ್ಲ.

"ಕೇಂದ್ರ ಗ್ರಂಥಾಲಯದಿಂದ ಮಾತಾಡ್ತಿದೀನಿ. ಒಂದು ಪ್ರಶ್ನೆ ಬಂದಿದೆ. ಮಗುವಿಗೆ ಜ್ವರದ ಔಷಧ ಎಷ್ಟು ಸಲ ಕೊಡಬಹುದು ಅಂತ."

"ಮಗುವಿಗೆ ಎಷ್ಟು ವಯಸ್ಸು? ತೂಕ? ಈಗಾಗಲೇ ಏನು ಕೊಟ್ಟಿದಾರೆ?"

ಆ ಕಡೆ ಹಾಳೆ ಮಗುಚಿದ ಸದ್ದು.

"ಕೇಳ್ಲಿಲ್ಲ ಅಲ್ವಾ?"

"ಕೇಳ್ಲಿಲ್ಲ," ಎಂದ ಅವನು. "ತಡಿ, ಅವರು ಇನ್ನೊಂದು ಲೈನಲ್ಲಿದಾರೆ." ದೂರದಲ್ಲಿ ಅವನು ಯಾರಿಗೋ ಒಂದೊಂದಾಗಿ ಕೇಳುವುದು ಕೇಳಿಸಿತು. ಮೆಲ್ಲಗೆ, ಅವಸರವಿಲ್ಲದೆ, ಪುಸ್ತಕದ ಬೆನ್ನು ನೋಡುವಷ್ಟೇ ಎಚ್ಚರದಿಂದ. ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡು ಕಾದಳು. ಅವನು ಮರಳಿ ಬಂದು ಎಲ್ಲ ಹೇಳಿದ. ಅವಳು ಮಕ್ಕಳ ವಾರ್ಡಿನ ವೈದ್ಯೆಗೆ ಕರೆಯನ್ನು ದಾಟಿಸಿದಳು.

ಇಟ್ಟ ಫೋನಿನ ಮೇಲೆ ಕೈಯಿದ್ದಂತೆಯೇ ಅಧೀಕ್ಷಕಿ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಬಿಳಿ ಕೋಟಿನ ಗುಂಪು.

"ರೌಂಡ್ಸಿಗೆ ಹೊರಟಿದೀವಿ. ನೀವೂ ಬನ್ನಿ. ಹಾಸಿಗೆ ಹತ್ತಿರ ನಿಂತಾಗಲೇ ಇವರಿಗೆ ಸಂಶಯ ಬರೋದು, ನಿಮ್ಮ ಕೋಣೆಗೆ ಬರೋ ಹೊತ್ತಿಗೆ ಮರೆತಿರ್ತಾರೆ."

ಅವಳಿಗೆ ಆದದ್ದು ಹೆದರಿಕೆಯೋ ಹುರುಪೋ ತಿಳಿಯಲಿಲ್ಲ, ಎರಡೂ ಇದ್ದಿರಬೇಕು. ಸೆರಗು ಸರಿಮಾಡಿಕೊಂಡು, ಗ್ರಂಥಾಲಯದ ಬಾಗಿಲನ್ನು ತೆರೆದೇ ಬಿಟ್ಟು, ಬಿಳಿ ಕೋಟುಗಳ ಹಿಂದೆ ವಾರ್ಡಿನ ಕಡೆಗೆ ದಾಪುಗಾಲು ಹಾಕಿದಳು.